ಹಾವೇರಿ ಸೀಮೆಯಲ್ಲಿ ಕಥೋಲಿಕ ಪ್ರಾಥಮಿಕ ಶಾಲೆ: ಹಿನ್ನೆಲೆ, ಆಡಳಿತ, ದಿನಚರಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳಲ್ಲಿ ಮಗುವನ್ನು ಒಂದನೇ ತರಗತಿಗೆ ಸೇರಿಸುವ ಕಾಲ ಬಂತೆಂದರೆ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ: ‘ಸರ್ಕಾರಿ ಸಾಲಿ’ ಮತ್ತು ‘ಕಾನ್ವೆಂಟ್’. ಎರಡನೆಯ ಶಬ್ದ ಇಂದು ಇಂಗ್ಲಿಷ್ ಮಾಧ್ಯಮದ ಯಾವುದೇ ಖಾಸಗಿ ಶಾಲೆಗೂ ಅನ್ವಯಿಸುತ್ತದೆ. ವಾಸ್ತವದಲ್ಲಿ ಕಾನ್ವೆಂಟ್ ಎಂದರೆ ಕನ್ಯಾಸ್ತ್ರೀಯರ ವಾಸದ ಮನೆ. ಆ ಮನೆಗೆ ಹೊಂದಿಕೊಂಡು ನಡೆದ ಶಾಲೆಗೂ ಅದೇ ಹೆಸರು ಅಂಟಿಕೊಂಡಿತು. ಕಾಲಾನಂತರದಲ್ಲಿ ಕನ್ಯಾಸ್ತ್ರೀಯರೇ ಇಲ್ಲದ ಶಾಲೆಗಳೂ ಆ ಹೆಸರನ್ನು ಪಡೆದುಕೊಂಡವು.

ಈ ಲೇಖನದ ವಿಷಯ ಹೆಸರಿಗಷ್ಟೇ ಕಾನ್ವೆಂಟ್ ಆದ ಶಾಲೆಯಲ್ಲ. ಕಥೋಲಿಕ ಧರ್ಮಸಭೆಯ ಆಡಳಿತಕ್ಕೆ ಒಳಪಟ್ಟ ಪ್ರಾಥಮಿಕ ಶಾಲೆ. ಅದನ್ನು ಯಾರು ನಡೆಸುತ್ತಾರೆ, ಯಾವ ಕಾನೂನು ಅದಕ್ಕೆ ಅನ್ವಯಿಸುತ್ತದೆ, ವರ್ಷವಿಡೀ ಅಲ್ಲಿ ಏನು ನಡೆಯುತ್ತದೆ ಎಂಬ ವಿವರ ಇಲ್ಲಿದೆ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ. 1.87. ಹಾವೇರಿ ಜಿಲ್ಲೆಯಲ್ಲಿ ಅದು ಶೇ. 1ಕ್ಕಿಂತಲೂ ಕಡಿಮೆ. ಆದ್ದರಿಂದ ಇಲ್ಲಿ ಕಥೋಲಿಕ ಶಾಲೆ ಎಂದರೆ ಬೆರಳೆಣಿಕೆಯ ಸಮುದಾಯವೊಂದು ಬಹುಮಟ್ಟಿಗೆ ಅನ್ಯಧರ್ಮೀಯರ ಮಕ್ಕಳಿಗಾಗಿ ನಡೆಸುವ ಶಾಲೆ. ಅಂಥ ಶಾಲೆ ಊರಿನ ವಿಶ್ವಾಸದ ಮೇಲೆಯೇ ನಿಂತಿರುತ್ತದೆ. ಆ ವಿಶ್ವಾಸ ಪರೀಕ್ಷೆಗೊಳಗಾಗುವುದು ಮೂರು ಕಡೆ: ಪ್ರಾರ್ಥನೆ, ಭಾಷೆ ಮತ್ತು ಸೀಟು.

ಮೂರು ಪಟ್ಟಣಗಳು

ಹಾವೇರಿ ಜಿಲ್ಲೆ ಧಾರವಾಡದಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದದ್ದು 1997ರ ಆಗಸ್ಟ್ 24ರಂದು. 2011ರಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ, ಸಾಕ್ಷರತೆ ಶೇ. 77ಕ್ಕೂ ಹೆಚ್ಚು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ-ಹರಿಹರ ರೈಲು ಮಾರ್ಗದಲ್ಲಿವೆ. ಹಾವೇರಿ ಜಿಲ್ಲಾ ಕೇಂದ್ರ, ಯಾಲಕ್ಕಿ ಹಾರಕ್ಕೆ ಹೆಸರಾದ ಊರು. ರಾಣೆಬೆನ್ನೂರು ಹತ್ತಿ ಮತ್ತು ಬಿತ್ತನೆ ಬೀಜದ ವ್ಯಾಪಾರಕ್ಕೆ ಹೆಸರುವಾಸಿ. ಬ್ಯಾಡಗಿ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದಿದೆ.

ಇಲ್ಲಿಯ ಅನೇಕ ಮನೆಗಳ ವರಮಾನ ಪೇಟೆಯ ಧಾರಣೆಯೊಂದಿಗೆ ಏರಿಳಿಯುತ್ತದೆ. ಬೆಳೆಗಾರ, ದಲಾಲಿ, ಹಮಾಲ, ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಎಲ್ಲರೂ ಅದೇ ಪೇಟೆಯನ್ನು ನಂಬಿದವರು. 2024ರ ಮಾರ್ಚ್ 11ರಂದು ಧಾರಣೆ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಭುಗಿಲೆದ್ದು, ವಾಹನಗಳಿಗೂ ಕಚೇರಿಗೂ ಬೆಂಕಿ ಬಿದ್ದದ್ದು ರಾಜ್ಯವೇ ಗಮನಿಸಿದ ಘಟನೆ. ಮೆಣಸಿನಕಾಯಿ ಪೇಟೆಗೆ ಹೆಚ್ಚು ಬರುವ ತಿಂಗಳುಗಳೂ ಶಾಲೆಯ ವಾರ್ಷಿಕ ಪರೀಕ್ಷೆಯ ತಿಂಗಳುಗಳೂ ಬಹುತೇಕ ಒಂದೇ. ಬಾಕಿ ಫೀ ಕೇಳುವ ಶಾಲೆಗೂ ಧಾರಣೆಗಾಗಿ ಕಾಯುವ ಮನೆಗೂ ಇರುವ ನಂಟು ಅಷ್ಟು ಹತ್ತಿರದ್ದು.

ಹಿನ್ನೆಲೆ

ಕರ್ನಾಟಕದಲ್ಲಿ ಕಥೋಲಿಕ ಶಿಕ್ಷಣ ಮೊದಲು ಬೇರೂರಿದ್ದು ದಂಡುಪ್ರದೇಶ ಮತ್ತು ಕರಾವಳಿಯ ಪಟ್ಟಣಗಳಲ್ಲಿ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಸಂಸ್ಥೆ 1858ರಲ್ಲಿ ಆರಂಭವಾಯಿತು. ಬೆಳಗಾವಿಯಲ್ಲಿ ಯೇಸುಸಭೆಯ ಸೇಂಟ್ ಪಾಲ್ಸ್ ಶಾಲೆ 1856ರದ್ದು. ಮಂಗಳೂರಿಗೆ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಬಂದದ್ದು 1870ರಲ್ಲಿ; ಸೇಂಟ್ ಅಲೋಶಿಯಸ್ ಸಂಸ್ಥೆ ಆರಂಭವಾದದ್ದು 1880ರಲ್ಲಿ. ರೇಮಂಡ್ ಮಸ್ಕರೇನ್ಹಸ್ ಅವರು 1921ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಬೆಥನಿ ಭಗಿನಿಯರ ಸಭೆ ನಾಡಿನ ಹಲವೆಡೆ ಶಾಲೆಗಳನ್ನು ಕಟ್ಟಿತು.

ಧಾರವಾಡ ಸೀಮೆಯ ಕಥೆ ಬೇರೆ. ಇಲ್ಲಿ ಮಿಶನ್ ಎಂದೊಡನೆ ನೆನಪಾಗುವುದು ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆ 1837ರಲ್ಲಿ ಧಾರವಾಡಕ್ಕೂ ಅನಂತರ ಹುಬ್ಬಳ್ಳಿ, ಬೆಟಗೇರಿಗಳಿಗೂ ವಿಸ್ತರಿಸಿತು. ಆದರೆ ಅದು ಪ್ರೊಟೆಸ್ಟೆಂಟ್ ಪಂಥದ್ದು. ಕಥೋಲಿಕ ಧರ್ಮಸಭೆಗೂ ಅದಕ್ಕೂ ಆಡಳಿತದ ಸಂಬಂಧವಿಲ್ಲ. ಎರಡನ್ನೂ ಒಂದೇ ಎಂದು ಭಾವಿಸುವ ರೂಢಿ ಇಂದಿಗೂ ಇದೆ. ಜೊತೆಗೆ, ಡೆಪ್ಯುಟಿ ಚನ್ನಬಸಪ್ಪನವರಂಥವರ ಪರಿಶ್ರಮದಿಂದ ಮುಂಬಯಿ ಪ್ರಾಂತದ ಈ ಭಾಗದಲ್ಲಿ 19ನೆಯ ಶತಮಾನದಲ್ಲಿಯೇ ಸರ್ಕಾರಿ ಕನ್ನಡ ಶಾಲೆಗಳು ಹರಡಿದ್ದವು. ಮಠಗಳ ಪ್ರಸಾದ ನಿಲಯಗಳೂ 1916ರಲ್ಲಿ ಸ್ಥಾಪನೆಯಾದ ಕೆ.ಎಲ್.ಇ. ಸಂಸ್ಥೆಯಂಥ ಸಂಘಟನೆಗಳೂ ಆ ಕೆಲಸವನ್ನು ಮುಂದುವರಿಸಿದವು. ಅಂದರೆ ಇಲ್ಲಿ ಕಥೋಲಿಕ ಶಾಲೆ ಅಕ್ಷರವೇ ಇಲ್ಲದ ನೆಲಕ್ಕೆ ಬಂದದ್ದಲ್ಲ. ಕನ್ನಡ ಶಾಲೆಗಳ ಗಟ್ಟಿ ಪರಂಪರೆಯಿದ್ದ ಊರುಗಳಲ್ಲಿ ಅದು ತನ್ನ ಸ್ಥಾನ ಕಂಡುಕೊಳ್ಳಬೇಕಾಯಿತು.

ಧರ್ಮಸಭೆಯ ಆಡಳಿತದಲ್ಲಿ ಹಾವೇರಿ ಜಿಲ್ಲೆ ಬೆಳಗಾವಿ ಧರ್ಮಕ್ಷೇತ್ರಕ್ಕೆ ಸೇರಿದೆ. ಈ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1953ರ ಸೆಪ್ಟೆಂಬರ್ 19ರಂದು. ರಾಣೆಬೆನ್ನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಹರಿಹರ ಮಾತ್ರ 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರುತ್ತದೆ. 1956ರ ಏಕೀಕರಣಕ್ಕೆ ಮೊದಲು ಮುಂಬಯಿ ಪ್ರಾಂತ ಮತ್ತು ಮೈಸೂರು ಸಂಸ್ಥಾನಗಳ ನಡುವೆ ಇದ್ದ ಹೊಳೆಯ ಗಡಿ ಧರ್ಮಸಭೆಯ ನಕಾಶೆಯಲ್ಲಿ ಇಂದಿಗೂ ಹಾಗೆಯೇ ಇದೆ. ಭಕ್ತರಿಗೆ ಆ ಗಡಿಯ ಹಂಗಿಲ್ಲ. 2020ರ ಜನವರಿಯಲ್ಲಿ ಬೆಸಿಲಿಕಾ ದರ್ಜೆ ಪಡೆದ ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ ಸೆಪ್ಟೆಂಬರ್ 8ರ ಹಬ್ಬದಂದು ಎಲ್ಲ ಧರ್ಮಗಳ ಜನರೂ ಹೋಗುತ್ತಾರೆ.

ಯಾರ ಆಡಳಿತ?

ಕಥೋಲಿಕ ಶಾಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಧರ್ಮಾಧ್ಯಕ್ಷರ ಅಧೀನದ ಶಿಕ್ಷಣ ಮಂಡಳಿಯದು. ಇಲ್ಲಿ ಸ್ಥಳೀಯ ಧರ್ಮಕೇಂದ್ರದ ಗುರುಗಳೇ ಸಾಮಾನ್ಯವಾಗಿ ಸಂಚಾಲಕರಾಗಿರುತ್ತಾರೆ. ಎರಡನೆಯದು ಕನ್ಯಾಸ್ತ್ರೀಯರ ಅಥವಾ ಗುರುಗಳ ಸಭೆಯೊಂದು ತನ್ನ ನೋಂದಾಯಿತ ಸಂಸ್ಥೆಯ ಮೂಲಕ ನಡೆಸುವ ಶಾಲೆ. ಇಂಥ ಕಡೆ ಮುಖ್ಯೋಪಾಧ್ಯಾಯಿನಿ ಬಹುಮಟ್ಟಿಗೆ ಆ ಸಭೆಯ ಭಗಿನಿ. ಅವರಿಗೆ ಕೆಲ ವರ್ಷಗಳಿಗೊಮ್ಮೆ ವರ್ಗವಾಗುತ್ತದೆ. ಮಕ್ಕಳೂ ಪಾಲಕರೂ ಹೊಂದಿಕೊಳ್ಳುವಷ್ಟರಲ್ಲಿ ‘ಸಿಸ್ಟರ್’ ಬೇರೆ ಊರಿಗೆ ಹೋಗಿಬಿಡುತ್ತಾರೆಂಬ ಬೇಸರ ಪಾಲಕರ ಸಭೆಗಳಲ್ಲಿ ಕೇಳಿಬರುವುದು ಸಹಜ. ಉಳಿದ ಶಿಕ್ಷಕ-ಶಿಕ್ಷಕಿಯರಲ್ಲಿ ಹೆಚ್ಚಿನವರು ಸ್ಥಳೀಯರು, ಬೇರೆ ಬೇರೆ ಸಮುದಾಯಗಳವರು. ಶಾಲೆಯ ನಿರಂತರತೆ ಉಳಿಯುವುದು ಅವರಿಂದ.

ಶಾಲೆ ಯಾರದೇ ಇರಲಿ, ಮಾನ್ಯತೆ, ಪಠ್ಯಕ್ರಮ, ತಪಾಸಣೆಗಳ ವಿಷಯದಲ್ಲಿ ಅದು ಶಿಕ್ಷಣ ಇಲಾಖೆಗೆ ಉತ್ತರದಾಯಿ. ತಾಲ್ಲೂಕು ಮಟ್ಟದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ, ಹಾವೇರಿಯಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಮೇಲ್ವಿಚಾರಕರು. ಸಂವಿಧಾನದ 30(1)ನೆಯ ವಿಧಿ ಧಾರ್ಮಿಕ ಹಾಗೂ ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ನೀಡಿದೆ. ಆ ಹಕ್ಕು ಮಾನ್ಯತೆಯ ನಿಯಮಗಳಿಂದ ವಿನಾಯಿತಿಯಲ್ಲ. ಕಟ್ಟಡ, ಸುರಕ್ಷತೆ, ಶಿಕ್ಷಕರ ಅರ್ಹತೆಗಳನ್ನು ಇಲಾಖೆ ಪರಿಶೀಲಿಸಬಹುದು.

ಅನುದಾನಿತ ಮತ್ತು ಅನುದಾನರಹಿತ ಎಂಬ ವ್ಯತ್ಯಾಸವೂ ಮುಖ್ಯ. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ವೇತನ ಸರ್ಕಾರದ್ದು. ರಾಜ್ಯದಲ್ಲಿ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾಗಿ 2003ರಲ್ಲಿ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಅನಂತರ ಅನುದಾನಿತ ಶಾಲೆಗಳಿಗೂ ಬಿಸಿಯೂಟ ದೊರೆಯಿತು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲೂ ಈ ಎರಡು ಬಗೆಯ ಶಾಲೆಗಳಿಗೆ ಸಲ್ಲುತ್ತದೆ. ಅನುದಾನರಹಿತ ಶಾಲೆಯ ಮಗು ಮಾತ್ರ ಮನೆಯಿಂದ ಬುತ್ತಿ ತರಬೇಕು. ಊಟದ ವೇಳೆಯಲ್ಲಿ ಡಬ್ಬಿ ಇರುವ ಶಾಲೆ ಯಾವುದು, ತಟ್ಟೆ ಇರುವ ಶಾಲೆ ಯಾವುದು ಎಂದು ನೋಡಿದರೆ ಅಲ್ಲಿಗೆ ಬರುವ ಮಕ್ಕಳ ಮನೆಯ ಸ್ಥಿತಿಯೂ ತಿಳಿಯುತ್ತದೆ.

ವರ್ಷದ ಪಂಚಾಂಗ

ಕಥೋಲಿಕ ಶಾಲೆಯಲ್ಲಿ ಧರ್ಮಸಭೆಯ ಪಂಚಾಂಗ ಮತ್ತು ನಾಡಿನ ಪಂಚಾಂಗ ಜೊತೆಜೊತೆಯಾಗಿ ಸಾಗುತ್ತವೆ. ಹಲವು ದಿನಗಳಲ್ಲಿ ಅವು ಒಂದರ ಮೇಲೊಂದು ಬರುತ್ತವೆ. ಆಗಸ್ಟ್ 15 ಸ್ವಾತಂತ್ರ್ಯೋತ್ಸವವೂ ಹೌದು, ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಹೌದು. ಅಂದು ದೇವಾಲಯದಲ್ಲಿ ಬಲಿಪೂಜೆ, ಮೈದಾನದಲ್ಲಿ ಧ್ವಜವಂದನೆ. ಸೆಪ್ಟೆಂಬರ್ 5 ಡಾ. ಎಸ್. ರಾಧಾಕೃಷ್ಣನ್ ಅವರ ಜನ್ಮದಿನವಾಗಿ ಶಿಕ್ಷಕರ ದಿನಾಚರಣೆ. 1997ರಲ್ಲಿ ಅದೇ ದಿನ ನಿಧನರಾದ ಮದರ್ ತೆರೇಸಾ ಅವರ ಸ್ಮರಣೆಯೂ ಅಂದೇ. ನವೆಂಬರ್ 1 ಕನ್ನಡ ರಾಜ್ಯೋತ್ಸವ ಮತ್ತು ಸಕಲ ಸಂತರ ಹಬ್ಬ. ಹೀಗೆ ಒಂದೇ ಬೆಳಗ್ಗೆ ಎರಡು ಆಚರಣೆ ನಡೆಯುವಾಗ ಕಥೋಲಿಕ ಮಗು ದೇವಾಲಯದಿಂದ ಮೈದಾನಕ್ಕೆ ಬರುತ್ತದೆ, ಉಳಿದ ಮಕ್ಕಳು ನೇರವಾಗಿ ಮನೆಯಿಂದ ಬರುತ್ತಾರೆ. ಧ್ವಜದ ಕೆಳಗೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಅದೇ ತಿಂಗಳಿನ ಆಸುಪಾಸಿನಲ್ಲಿ ಕನಕ ಜಯಂತಿ. ಕನಕದಾಸರು ಹುಟ್ಟಿದ ಬಾಡ ಗ್ರಾಮ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ, ಅವರ ಆರಾಧ್ಯದೈವ ಆದಿಕೇಶವನ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲಿ. ಕುಲದ ಹೆಮ್ಮೆಯನ್ನು ಪ್ರಶ್ನಿಸಿದ ಕನಕ, ಧರ್ಮಗಳ ಗೋಡೆ ಕೆಡವಿದ ಶಿಶುನಾಳ ಶರೀಫ ಇಬ್ಬರೂ ಈ ಜಿಲ್ಲೆಯವರೇ. ಹಾವೇರಿ ಸೀಮೆಯ ಮಕ್ಕಳಿಗೆ ಅವರು ಪಠ್ಯದ ಹೆಸರುಗಳಾಗುವ ಮೊದಲೇ ಊರಿನ ಹೆಸರುಗಳು.

ರಜೆಯ ವಿಷಯದಲ್ಲಿ ಒಂದು ವಿಶೇಷ ವ್ಯವಸ್ಥೆಯಿದೆ. ರಾಜ್ಯದ ಶಾಲೆಗಳಿಗೆ ದಸರೆಯ ಮಧ್ಯಂತರ ರಜೆ ಇರುತ್ತದೆ; ಕ್ರಿಸ್‌ಮಸ್‌ಗೆ ಡಿಸೆಂಬರ್ 25ರ ಒಂದೇ ದಿನ. ಕ್ರೈಸ್ತ ಸಂಸ್ಥೆಗಳು ಡಿಸೆಂಬರ್‌ನಲ್ಲಿ ಹೆಚ್ಚು ದಿನ ರಜೆ ಬೇಕೆಂದು ಉಪನಿರ್ದೇಶಕರಿಗೆ ಮನವಿ ಸಲ್ಲಿಸಬಹುದು. ಅಷ್ಟು ದಿನಗಳನ್ನು ದಸರಾ ರಜೆಯಲ್ಲಿ ಕಡಿಮೆ ಮಾಡಿ ಸರಿದೂಗಿಸಬೇಕು. ‘ಬೇರೆ ಶಾಲೆಗೆ ರಜೆ, ನಮ್ಮ ಮಗುವಿಗೆ ಮಾತ್ರ ಶಾಲೆ ಯಾಕೆ?’ ಎಂದು ಅಕ್ಟೋಬರ್‌ನಲ್ಲಿ ಕೇಳುವ ಪಾಲಕರಿಗೆ ಉತ್ತರ ಡಿಸೆಂಬರ್‌ನಲ್ಲಿ ಸಿಗುತ್ತದೆ.

ಪ್ರಾರ್ಥನೆ

ಅನ್ಯಧರ್ಮೀಯ ಪಾಲಕರು ಕೇಳುವ ಮೊದಲ ಪ್ರಶ್ನೆ ಪ್ರಾರ್ಥನೆಯದು. ಸಂವಿಧಾನದ 28(3)ನೆಯ ವಿಧಿ ಇದಕ್ಕೆ ಸ್ಪಷ್ಟ ಉತ್ತರ ನೀಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಯಾರನ್ನೂ ಒತ್ತಾಯಿಸುವಂತಿಲ್ಲ. ವಿದ್ಯಾರ್ಥಿ ಅಪ್ರಾಪ್ತನಾಗಿದ್ದರೆ ಪಾಲಕರ ಸಮ್ಮತಿ ಅಗತ್ಯ. ಇದರಂತೆ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಅದೇ ಅವಧಿಯಲ್ಲಿ ಮೌಲ್ಯ ಶಿಕ್ಷಣ ಎಂಬ ಪದ್ಧತಿ ಕಥೋಲಿಕ ಶಾಲೆಗಳಲ್ಲಿ ರೂಢಿಯಲ್ಲಿದೆ.

ಧರ್ಮಸಭೆಯ ಒಳಗಿನ ಧೋರಣೆಯೂ ಅದೇ ದಿಕ್ಕಿನದು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಶಿಕ್ಷಣ ಕುರಿತ ತನ್ನ ಘೋಷಣೆಯನ್ನು ಹೊರಡಿಸಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2024ರ ಏಪ್ರಿಲ್‌ನಲ್ಲಿ ತನ್ನ ಶಾಲೆಗಳಿಗೆ ಹೊಸ ಮಾರ್ಗಸೂಚಿ ನೀಡಿ, ಕ್ರೈಸ್ತ ಸಂಪ್ರದಾಯಗಳನ್ನು ಇತರ ಧರ್ಮದ ಮಕ್ಕಳ ಮೇಲೆ ಹೇರಬಾರದು, ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕು, ಸರ್ವಧರ್ಮ ಪ್ರಾರ್ಥನಾ ಕೊಠಡಿ ಇರಬೇಕು ಎಂದು ಸೂಚಿಸಿತು. ಕರ್ನಾಟಕದ ಶಾಲೆಗಳಲ್ಲಿ ಪ್ರಸ್ತಾವನೆಯ ವಾಚನಕ್ಕೆ 2023ರಲ್ಲಿಯೇ ರಾಜ್ಯ ಸರ್ಕಾರ ನಿರ್ಧಾರ ಕೈಗೊಂಡಿತ್ತು. ಕುವೆಂಪು ರಚಿತ ನಾಡಗೀತೆಯೂ ಬೆಳಗಿನ ಸಭೆಯ ಭಾಗ.

ಮಾರ್ಗಸೂಚಿ ಹೊರಬಿದ್ದ ಮಾತ್ರಕ್ಕೆ ಅನುಮಾನ ಅಳಿಯುವುದಿಲ್ಲ. ಮತಾಂತರದ ಆರೋಪ, ಪ್ರತ್ಯಾರೋಪಗಳ ಕಾಲದಲ್ಲಿ ಸಣ್ಣ ಪಟ್ಟಣದ ಶಾಲೆಗೆ ನಿಜವಾದ ರಕ್ಷಣೆ ಕೊಡುವುದು ತೆರೆದ ಬಾಗಿಲು. ಬೆಳಗಿನ ಸಭೆಯಲ್ಲಿ ಏನು ಹೇಳಿಸುತ್ತಾರೆ, ಮೌಲ್ಯ ಶಿಕ್ಷಣದ ಪುಸ್ತಕದಲ್ಲಿ ಏನಿದೆ ಎಂಬುದು ಪಾಲಕರಿಗೆ ಮೊದಲೇ ತಿಳಿದಿದ್ದರೆ ಗುಮಾನಿಗೆ ಎಡೆಯಿರುವುದಿಲ್ಲ.

ಭಾಷೆ

ಎರಡನೆಯ ಪ್ರಶ್ನೆ ಕಲಿಕಾ ಮಾಧ್ಯಮದ್ದು. 1994ರ ಏಪ್ರಿಲ್ 29ರ ಸರ್ಕಾರಿ ಆದೇಶ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ವಿಧಿಸಿತು. ಕನ್ನಡ ಮಾಧ್ಯಮವೆಂದು ಅನುಮತಿ ಪಡೆದು ಇಂಗ್ಲಿಷ್‌ನಲ್ಲಿ ಬೋಧಿಸುತ್ತಿದ್ದ ಆರೋಪದ ಮೇಲೆ 2006ರಲ್ಲಿ ರಾಜ್ಯದ 2,000ಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಗೆ ಕುತ್ತು ಬಂದಿತ್ತು. 2008ರ ಜುಲೈನಲ್ಲಿ ಹೈಕೋರ್ಟ್ ಆ ಮಾಧ್ಯಮ ನಿರ್ಬಂಧವನ್ನು ಖಾಸಗಿ ಅನುದಾನರಹಿತ ಶಾಲೆಗಳ ಮಟ್ಟಿಗೆ ರದ್ದುಪಡಿಸಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ಮಗುವಿಗೂ ಮಗುವಿನ ಪರವಾಗಿ ಪಾಲಕರಿಗೂ ಸೇರಿದ್ದು ಎಂದು ತೀರ್ಪಿತ್ತಿತು.

ಇದರ ಪರಿಣಾಮ ಕಥೋಲಿಕ ಶಾಲೆಗಳಿಗಷ್ಟೇ ಸೀಮಿತವಲ್ಲ. ಸರ್ಕಾರಿ ಶಾಲೆಗಳಲ್ಲಿಯೂ 2007-08ರಿಂದ ಒಂದನೇ ತರಗತಿಗೆ ಇಂಗ್ಲಿಷ್ ಒಂದು ವಿಷಯವಾಗಿ ಬಂತು; 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಆರಂಭವಾಯಿತು. ಇನ್ನೊಂದೆಡೆ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಹಂತಹಂತವಾಗಿ ಕಡ್ಡಾಯಗೊಳಿಸಿತು. 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 2023ರ ಜನವರಿ 6ರಿಂದ 8ರವರೆಗೆ ನಡೆದದ್ದು ಹಾವೇರಿಯಲ್ಲಿಯೇ. ಸಮ್ಮೇಳನಕ್ಕೆ ಮೆರುಗು ತಂದ ಊರಿನಲ್ಲಿಯೂ ಮಗುವಿನ ದಾಖಲಾತಿಯ ದಿನ ಬಂದಾಗ ಪಾಲಕರು ಕೇಳುವುದು ಇಂಗ್ಲಿಷ್ ಮಾಧ್ಯಮವನ್ನೇ.

ಇಲ್ಲಿ ನಷ್ಟವಾಗುವುದು ಯಾವುದೆಂಬುದನ್ನು ಹೇಳಲೇಬೇಕು. ಕನ್ನಡ ಮಾಧ್ಯಮದ ವಿಭಾಗಕ್ಕೆ ಮಕ್ಕಳು ಬಾರದಿದ್ದರೆ ಅದು ಮುಚ್ಚುತ್ತದೆ. ಅನುದಾನಿತವಾಗಿದ್ದರೆ ಅದರೊಂದಿಗೆ ಬಿಸಿಯೂಟ, ಹಾಲು, ಸರ್ಕಾರಿ ವೇತನದ ಶಿಕ್ಷಕರು ಎಲ್ಲವೂ ಹೋಗುತ್ತವೆ. ಬದಲಿಗೆ ಬರುವ ಇಂಗ್ಲಿಷ್ ವಿಭಾಗ ಫೀಯಿಂದಲೇ ನಡೆಯಬೇಕು. ಭಾಷೆಯ ಪ್ರಶ್ನೆಯೆಂದು ತೋರುವುದು ಕೊನೆಗೆ ಬಡವರ ಮಗುವಿಗೆ ಬಾಗಿಲು ತೆರೆದಿದೆಯೇ ಎಂಬ ಪ್ರಶ್ನೆಯಾಗುತ್ತದೆ.

ಸೀಟು

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ಹಂತದ ಶೇ. 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ನೀಡಬೇಕೆಂಬುದು ಅದರ ಪ್ರಮುಖ ವಿಧಿ. 2012ರ ಏಪ್ರಿಲ್ 12ರ ತೀರ್ಪು ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಇದರಿಂದ ಹೊರಗಿಟ್ಟಿತು. 2014ರ ಮೇ 6ರಂದು, ಮಾಧ್ಯಮದ ತೀರ್ಪು ಬಂದ ದಿನವೇ, ಪ್ರಮತಿ ಪ್ರಕರಣದಲ್ಲಿ ಅನುದಾನಿತ ಅಲ್ಪಸಂಖ್ಯಾತ ಶಾಲೆಗಳೂ ಕಾಯ್ದೆಯ ವ್ಯಾಪ್ತಿಯಿಂದ ಹೊರಬಂದವು.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಪ್ರಮತಿ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ವಿಸ್ತೃತ ಪೀಠದ ಪರಿಶೀಲನೆಗೆ ಕಳುಹಿಸಬೇಕೆಂದು ಅಭಿಪ್ರಾಯಪಟ್ಟಿತು. ಶಿಕ್ಷಕರ ಅರ್ಹತಾ ಪರೀಕ್ಷೆ ಅಲ್ಪಸಂಖ್ಯಾತ ಶಾಲೆಗಳಿಗೂ ಅನ್ವಯಿಸುವುದೇ ಎಂಬ ಪ್ರಶ್ನೆಯೂ ಅದರಲ್ಲಿ ಸೇರಿದೆ. ಕರ್ನಾಟಕದಲ್ಲಿ ಇತರ ಖಾಸಗಿ ಶಾಲೆಗಳ ಸ್ಥಿತಿಯೂ 2019ರಲ್ಲಿ ಬದಲಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಅನುದಾನರಹಿತ ಶಾಲೆಗೆ ಶೇ. 25ರ ಹೊಣೆ ಇಲ್ಲವೆಂಬ ನಿಯಮ ಬಂತು; ಅದೇ ವರ್ಷ ಮೇ 31ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಫಲವಾಗಿ ಹಮಾಲರ ಮಗಳಿಗೋ ತೊಟ್ಟು ಬಿಡಿಸುವವರ ಮಗನಿಗೋ ಕಥೋಲಿಕ ಶಾಲೆಯ ಸೀಟು ಕಾನೂನಿನ ಹಕ್ಕಾಗಿ ದೊರೆಯುವುದಿಲ್ಲ. ಫೀ ರಿಯಾಯಿತಿ, ಕಂತು, ಸಂಪೂರ್ಣ ಮಾಫಿ ಇವೆಲ್ಲ ಆಡಳಿತದ ವಿವೇಚನೆಗೆ ಬಿಟ್ಟದ್ದು. ಬಡವರಿಗೆ ಆದ್ಯತೆ ಎಂಬುದು ಕಥೋಲಿಕ ಶಿಕ್ಷಣದ ಘೋಷಿತ ಧ್ಯೇಯ. ಆ ಧ್ಯೇಯಕ್ಕೆ ಸಂವಿಧಾನ ಸ್ವಾತಂತ್ರ್ಯ ಕೊಟ್ಟಿದೆ. ಆದರೆ ಸ್ವಾತಂತ್ರ್ಯದ ಲೆಕ್ಕ ಕೊಡಬೇಕಾದದ್ದು ಆಡಳಿತವೇ.

ಪತ್ರಿಕೆಗೆ ಬರುವ ಸುದ್ದಿ, ಬಾರದ ಸುದ್ದಿ

ಇಂಥ ಶಾಲೆಯ ಸುದ್ದಿ ಜಿಲ್ಲಾ ಪುಟದಲ್ಲಿ ಕಾಣಿಸುವುದು ವಾರ್ಷಿಕ ಸ್ನೇಹ ಸಮ್ಮೇಳನ, ಕ್ರೀಡಾಕೂಟ, ಪ್ರತಿಭಾ ಕಾರಂಜಿಯ ಬಹುಮಾನ, ಕ್ರಿಸ್‌ಮಸ್ ಗೋದಲಿ, ಮುಖ್ಯೋಪಾಧ್ಯಾಯಿನಿಯ ಬೀಳ್ಕೊಡುಗೆ ಇಂಥ ಸಂದರ್ಭಗಳಲ್ಲಿ. ಗಣ್ಯರ ಹೆಸರುಗಳು, ಸಾಲಾಗಿ ನಿಂತ ಮಕ್ಕಳ ಚಿತ್ರ, ಕೊನೆಗೆ ವಂದನಾರ್ಪಣೆ. ಇವುಗಳಿಗೂ ಬೆಲೆಯಿದೆ. ಮಗುವಿನ ಹೆಸರು ಮೊದಲ ಬಾರಿ ಅಚ್ಚಾದ ಆ ತುಣುಕನ್ನು ಮನೆಯವರು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ಆದರೆ ಶಾಲೆಯ ಭವಿಷ್ಯ ನಿರ್ಧಾರವಾಗುವುದು ಬೇರೆ ಸುದ್ದಿಗಳಿಂದ: ಈ ವರ್ಷ ಕನ್ನಡ ವಿಭಾಗಕ್ಕೆ ಎಷ್ಟು ಮಕ್ಕಳು ಬಂದರು, ಫೀ ಎಷ್ಟು ಏರಿತು, ಎಷ್ಟು ಮಕ್ಕಳಿಗೆ ಮಾಫಿಯಾಯಿತು, ಅನುದಾನರಹಿತ ಶಿಕ್ಷಕಿಗೆ ಸಂಬಳವೆಷ್ಟು. ಇವನ್ನು ಕೇಳುವ ಸ್ಥಳ ಪಾಲಕರ ಸಭೆ. ಸೇರ್ಪಡೆಗೆ ಮೊದಲು ಪಾಲಕರು ಮಾನ್ಯತೆಯ ನವೀಕರಣ, ಅನುಮತಿಯಾದ ಮಾಧ್ಯಮ, ಫೀ ವಿವರ, ರಿಯಾಯಿತಿಯ ಕ್ರಮ, ಮೌಲ್ಯ ಶಿಕ್ಷಣದ ಪಠ್ಯ ಈ ಐದನ್ನು ವಿಚಾರಿಸಿಕೊಳ್ಳುವುದು ಒಳಿತು. ಮಾನ್ಯತೆ ಮತ್ತು ಮಾಧ್ಯಮದ ಮಾಹಿತಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿಯೂ ಲಭ್ಯ.

ಶೇ. 1ಕ್ಕಿಂತ ಕಡಿಮೆಯಿರುವ ಸಮುದಾಯವೊಂದರ ಕೈಗೆ ಊರು ತನ್ನ ಆರು ವರ್ಷದ ಮಗುವನ್ನು ಒಪ್ಪಿಸುತ್ತದೆ. ಆ ಸಮುದಾಯ ಊರಿನ ಮಕ್ಕಳಿಂದಲೇ ತನ್ನ ಶಾಲೆಯನ್ನು ತುಂಬಿಸಿಕೊಳ್ಳುತ್ತದೆ. ಹಾವೇರಿ ಸೀಮೆಯ ಕಥೋಲಿಕ ಶಾಲೆ ಬಾಳುವುದು ಈ ಕೊಡುಕೊಳೆಯ ಮೇಲೆ. ಇದನ್ನು ಯಾವ ಕಾಯ್ದೆಯೂ ಬರೆದಿಟ್ಟಿಲ್ಲ; ಪ್ರತಿ ಜೂನ್ ತಿಂಗಳಲ್ಲಿ ಎರಡೂ ಕಡೆಯವರು ಅದನ್ನು ಹೊಸದಾಗಿ ಒಪ್ಪಿಕೊಳ್ಳಬೇಕಾಗುತ್ತದೆ.